ಹಳೆ ಜಾಜ್ ಕೋರಸ್ ತಗೋಬಹುದಾ?

ಹಳೆಯ ರೋಲ್ಯಾಂಡ್ ಜೆಸಿ-120 (ಜಾಜ್ ಕೋರಸ್ ಅನ್ನುವ ಗಿಟಾರ್ ಆಂಪ್ಲಿಫೈಯರ್) ಮಾರಾಟಕ್ಕಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಕ್ಲೀನ್ ಸೌಂಡ್, ಅಂದರೆ ಒಡೆಯದ ಶುದ್ಧ ಸದ್ದು, ಇಷ್ಟವಾದರೆ ಖಂಡಿತ ತಗೊಳ್ಳಿ. 1975ರಲ್ಲಿ ಬಂದ ಮಾಡೆಲ್ ಇದು. ಒಳಗೆ 60 ವ್ಯಾಟ್‌ನ ಎರಡು ಆಂಪ್, 12 ಇಂಚಿನ ಎರಡು ಸ್ಪೀಕರ್. ಕೋರಸ್ ಎಫೆಕ್ಟ್ ಹಾಕಿದರೆ ಒಂದು ಸ್ಪೀಕರ್‌ನಲ್ಲಿ ಗಿಟಾರ್ ಇದ್ದ ಹಾಗೇ ಬರುತ್ತದೆ, ಇನ್ನೊಂದರಲ್ಲಿ ಶ್ರುತಿ ತುಸು ಮೇಲೆ ಕೆಳಗೆ ತೂಗುತ್ತದೆ. ಎರಡೂ ಬೆರೆಯುವುದು ಗಾಳಿಯಲ್ಲೇ! ನಾಲ್ಕು ಹೆಜ್ಜೆ ದೂರ ನಿಂತು ಒಂದು ಕಾರ್ಡ್ ಮೀಟಿ ನೋಡಿ, ಕೋಣೆಯೇ ತೂಗಿದ ಹಾಗಿರುತ್ತದೆ. ಒಂದೇ ಸ್ಪೀಕರ್‌ಗೆ ಮೈಕ್ ಇಟ್ಟರೆ ಆ ಸುಖ ಸಿಗುವುದಿಲ್ಲ.

ಇದರ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆಸುವ ಎಫೆಕ್ಟ್) ಮಾತ್ರ ನನಗೆ ಹಿಡಿಸುವುದಿಲ್ಲ, ತುಂಬಾ ಒರಟು. ಅದಕ್ಕೆ ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲ್ ಇಟ್ಟುಕೊಳ್ಳಿ. ಕೋರಸ್ ಆನ್ ಮಾಡಿದರೆ ಸಣ್ಣಗೆ ಸುಯ್ ಅನ್ನುವ ಸದ್ದೂ ಇರುತ್ತದೆ. ತೂಕ ಸುಮಾರು 28 ಕೆ.ಜಿ., ಮಹಡಿ ಮನೆಯಾದರೆ ಯೋಚಿಸಿ. ಹಿಂಬದಿಯಲ್ಲಿ 100 ವೋಲ್ಟ್ ಅಂತಿದ್ದರೆ ನಮ್ಮ ಪ್ಲಗ್‌ಗೆ ನೇರ ಹಾಕಲೇಬೇಡಿ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.