ಲಿಫ್ಟ್ ಹಾಕಿಸುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಲಿಫ್ಟ್ (ಗಾಡಿಯನ್ನು ಎತ್ತರಿಸುವ ಕಿಟ್) ಹಾಕಿಸಲೇ, ಎಷ್ಟು ಇಂಚು? ಹಿಂದೆಯೂ ಉತ್ತರಿಸಿದ್ದೇನೆ, ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಬಾರಿ ಜಾಗವೆಲ್ಲ ಇದಕ್ಕೇ. ಲೋ ರೇಂಜ್ ಯಾವಾಗ ಹಾಕಬೇಕು, ಫೋರ್ ವೀಲ್ ಡ್ರೈವ್ ಅಂದರೇನು ಎಂದು ಕೇಳಿದವರು ಗಾಡಿಯ ಜೊತೆ ಬಂದ ಪುಸ್ತಕ ತೆರೆಯಿರಿ.

ಪ್ರಶ್ನೆ: ಸರ್, ಆಫ್‌ರೋಡ್ ಗಾಡಿ ತಗೊಂಡಿದ್ದೇನೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎಡಬಲ ಚಕ್ರಗಳು ಬೇರೆಬೇರೆಯಾಗಿ ಆಡುವಂಥದ್ದು), ಹಿಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ). ಆಗಾಗ ಕಲ್ಲು, ಕೆಸರಿನ ದಾರಿಗೆ ಹೋಗುತ್ತೇನೆ. ಮಿಕ್ಕ ದಿನ ಕೆಲಸಕ್ಕೆ ಹೋಗಿಬರುವುದೂ ಇದರಲ್ಲೇ. ಎರಡು ಸಲ ತಳ ತಗುಲಿ ಸಿಕ್ಕಿಹಾಕಿಕೊಂಡೆ. ಸ್ನೇಹಿತರೆಲ್ಲ 3 ಇಂಚಿನ ಲಿಫ್ಟ್ ಹಾಕಿಸಿದ್ದಾರೆ. ನಾನೂ ಹಾಕಿಸಲೇ?

ತಳ ತಗುಲಿತು ಅಂತೀರಿ. ತಳದಲ್ಲಿ ಎಲ್ಲಿ? ಅದನ್ನೇ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಸ್ನೇಹಿತರ ಗಾಡಿಯ ಎತ್ತರ ಮಾತ್ರ ಎಲ್ಲರಿಗೂ ಇಂಚು ಲೆಕ್ಕದಲ್ಲಿ ಬಾಯಿಪಾಠ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಟಾರ್ಚ್ ಹಿಡಿದು ಕೆಳಗೆ ಮಲಗಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಹೋಗಬೇಡಿ. ಕೆಸರು ಒರೆಸಿ ನೋಡಿದರೆ ಗೀರುಗಳು ಕಾಣುತ್ತವೆ. ಹೊಸ ಗೀರು ಬೆಳ್ಳಗೆ ಹೊಳೆಯುತ್ತದೆ, ಹಳೆಯದು ತುಕ್ಕು ಹಿಡಿದಿರುತ್ತದೆ. ನಾಲ್ಕೈದು ಕಡೆಯ ಫೋಟೋ ತೆಗೆದುಕೊಳ್ಳಿ. ಲಿಫ್ಟ್ ಬೇಕೋ ಬೇಡವೋ ಅನ್ನುವುದನ್ನು ಆ ಗೀರುಗಳೇ ಹೇಳುತ್ತವೆ.

ಹಿಂದಿನ ಆಕ್ಸಲ್‌ನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ (ಇಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್ ಡಬ್ಬಿ, ಚಿಕ್ಕದಾಗಿ ಡಿಫ್) ಮೇಲೆ ಗೀರಿದ್ದರೆ ಸಸ್ಪೆನ್ಷನ್ ಲಿಫ್ಟ್‌ನಿಂದ ನಿಮಗೆ ನಯಾಪೈಸೆ ಲಾಭವಿಲ್ಲ. ಸಾಲಿಡ್ ಆಕ್ಸಲ್ ನೇರ ಚಕ್ರಕ್ಕೇ ಕೂತಿರುತ್ತದೆ. ಸ್ಪ್ರಿಂಗ್ ಅದರ ಮೇಲಿದೆ. ಸ್ಪ್ರಿಂಗ್ ಎಷ್ಟೇ ಉದ್ದ ಮಾಡಿದರೂ ಮೇಲಿನ ಬಾಡಿ ಏರುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಅದೂ ಅರ್ಧ ಲೆಕ್ಕ: 31 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿದರೆ ಆಕ್ಸಲ್ ಏರುವುದು 1 ಇಂಚು. ಮುಂದಿನ ಕಥೆ ಬೇರೆ. ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೆ ಕಟ್ಟಿರುತ್ತದೆ, ಬಾಡಿ ಏರಿದರೆ ಅದೂ ಏರುತ್ತದೆ. ಅಂದರೆ ನಿಮ್ಮ ಗಾಡಿಯಲ್ಲಿ ಮುಂದೆ ಸಲೀಸಾಗಿ ದಾಟಿದ ಕಲ್ಲು ಹಿಂದೆ ಬಂದು ಬಡಿಯುತ್ತದೆ.

ಗೀರು ಮುಂದಿನ ಬಂಪರ್‌ನ ಕೆಳತುದಿಯಲ್ಲಿದ್ದರೆ ಲಿಫ್ಟ್ ಸ್ವಲ್ಪ ನೆರವಾಗುತ್ತದೆ. ಆದರೆ ಅಲ್ಲಿ ನೇತಾಡುವ ಪ್ಲಾಸ್ಟಿಕ್ ತುಟಿ ಬಿಚ್ಚಿದರೂ ಸುಮಾರಾಗಿ ಅಷ್ಟೇ ನೆರವು. ಹಿಂದೆ ಟ್ರೇಲರ್ ಕೊಕ್ಕೆಯ ಮೇಲಿದ್ದರೆ ಕೊಕ್ಕೆ ಬಿಚ್ಚಿಡಿ. ಬಾಗಿಲ ಕೆಳಗಿನ ಅಂಚಿನಲ್ಲಿದ್ದರೆ ಕಲ್ಲಿನ ಏಟು ತಡೆಯುವ ಗಟ್ಟಿ ಪಟ್ಟಿ, ಅಂದರೆ ರಾಕ್ ಸ್ಲೈಡರ್ ಹಾಕಿಸಿ. ಕಾಲಿಡುವ ಅಲ್ಯೂಮಿನಿಯಂ ಮೆಟ್ಟಿಲನ್ನು ಸ್ಲೈಡರ್ ಎಂದು ಮಾರುವವರನ್ನು ನಂಬಬೇಡಿ.

ಇನ್ನು ಹೊಟ್ಟೆ. ಎರಡು ಆಕ್ಸಲ್‌ಗಳ ನಡುವೆ, ಗೇರ್‌ಬಾಕ್ಸ್ ಕೆಳಗೆ ಅಥವಾ ಚಾಸಿಯ ಅಡ್ಡಪಟ್ಟಿಯ ಮೇಲೆ ಗೀರಿದ್ದರೆ ಮಾತ್ರ ಲಿಫ್ಟ್ ಮಾತು ಶುರು ಮಾಡಬಹುದು. ದಿಬ್ಬದ ನೆತ್ತಿಯ ಮೇಲೆ ಗಾಡಿ ಹೊಟ್ಟೆ ಊರಿ ಕೂರುವುದು ಈ ಜಾಗದಲ್ಲೇ. ಲೆಕ್ಕ ಹಾಕಿ: ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,450 ಮಿ.ಮೀ., ಹೊಟ್ಟೆಯ ಎತ್ತರ 220 ಮಿ.ಮೀ. ಅದನ್ನು 270ಕ್ಕೆ ಏರಿಸಿದರೆ ದಿಬ್ಬ ದಾಟುವ ಕೋನ 4ರಿಂದ 5 ಡಿಗ್ರಿ ಹೆಚ್ಚುತ್ತದೆ. ಇದು ನಿಜವಾದ ಲಾಭ, ಇಲ್ಲ ಅನ್ನುವುದಿಲ್ಲ.

ಈಗ ಅಂಗಡಿಯವರು ಹೇಳದ ಮಾತು. ಲಿಫ್ಟ್ ಹಾಕಿದರೆ ಚಕ್ರ ಹೆಚ್ಚು ಆಡುತ್ತದೆ, ಹಳ್ಳದಲ್ಲಿ ಇಳಿಯುತ್ತದೆ ಅಂತಾರಲ್ವಾ? ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರಿಸುವ ದಪ್ಪ ಬಿಲ್ಲೆ) ಇಟ್ಟು ಎತ್ತಿದ ಗಾಡಿಯಲ್ಲಿ ಆಗುವುದು ಇದರ ಉಲ್ಟಾ. ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರ 200 ಮಿ.ಮೀ. ಅಂತಿಟ್ಟುಕೊಳ್ಳಿ. ಗಾಡಿ ಸುಮ್ನೆ ನಿಂತಾಗ ಮೇಲಕ್ಕೆ 100, ಕೆಳಕ್ಕೆ 100. ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟು, ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸಿ 50 ಮಿ.ಮೀ. ಎತ್ತಿದಿರಿ. ಒಟ್ಟು ದೂರ ಒಂದು ಮಿಲಿಮೀಟರೂ ಬೆಳೆಯಲಿಲ್ಲ. ಕೆಳಕ್ಕೆ ಉಳಿದಿದ್ದು 50 ಅಷ್ಟೇ. ಮೊದಲು ಹಳ್ಳಕ್ಕೆ ಇಳಿದು ನೆಲ ಹಿಡಿಯುತ್ತಿದ್ದ ಚಕ್ರ ಈಗ ಗಾಳಿಯಲ್ಲಿ ನೇತಾಡುತ್ತದೆ. ಡಿಫ್ ಲಾಕ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟುವ ವ್ಯವಸ್ಥೆ) ಇಲ್ಲದ ಗಾಡಿಯಾದರೆ ಆ ಚಕ್ರ ಗರಗರ ತಿರುಗುತ್ತದೆ, ಗಾಡಿ ನಿಂತಲ್ಲೇ. ರಸ್ತೆಯ ಉಬ್ಬು ಇಳಿಯುವಾಗ ಮುಂದಿನಿಂದ ಟಕ್ ಎಂದು ಸದ್ದು ಬಂದರೆ ಶಾಕ್ ತನ್ನ ತುದಿ ಮುಟ್ಟಿದೆ ಎಂದರ್ಥ. ಕಾರ್ಖಾನೆಯಿಂದ ಬಂದ ಗಾಡಿಯನ್ನು ದುಡ್ಡು ಕೊಟ್ಟು ಕೆಡಿಸಿಕೊಂಡ ಹಾಗೆ.

ಎತ್ತರಕ್ಕೆ ಇನ್ನೊಂದು ಬೆಲೆ ಇದೆ, ಅದು ಪಕ್ಕಕ್ಕೆ ವಾಲುವುದು. ಎಡಬಲ ಚಕ್ರಗಳ ನಡುವೆ 1,500 ಮಿ.ಮೀ., ಗಾಡಿಯ ಭಾರದ ಕೇಂದ್ರ ನೆಲದಿಂದ 750 ಮಿ.ಮೀ. ಎತ್ತರ ಅಂದುಕೊಳ್ಳಿ. ಕಾಗದದ ಮೇಲೆ ಇದು ಉರುಳುವುದು 45 ಡಿಗ್ರಿಗೆ. ಸ್ನೇಹಿತರ ಹಾಗೆ 3 ಇಂಚು ಲಿಫ್ಟ್, ಜೊತೆಗೆ 33ರ ಟೈರ್ ಹಾಕಿದರೆ ಭಾರದ ಕೇಂದ್ರ ಸುಮಾರು 840ಕ್ಕೆ ಹೋಗುತ್ತದೆ. ಉರುಳುವ ಕೋನ 42ರ ಹತ್ತಿರ ಬರುತ್ತದೆ. ಬರೀ 3 ಡಿಗ್ರಿ ತಾನೇ ಅನ್ನಬೇಡಿ. ನಿಜವಾದ ಇಳಿಜಾರಿನಲ್ಲಿ ಕೆಳಗಿನ ಬದಿಯ ಸ್ಪ್ರಿಂಗ್ ಕುಗ್ಗುತ್ತದೆ, ಟೈರ್ ಒತ್ತಿಕೊಳ್ಳುತ್ತದೆ, ಮೇಲಿನ ಬದಿಯ ಚಕ್ರ ಒಂದು ಕಲ್ಲು ಹತ್ತುತ್ತದೆ. ಕಾಗದದ ಲೆಕ್ಕಕ್ಕಿಂತ ಎಷ್ಟೋ ಮೊದಲೇ ಗಾಡಿ ಮಗುಚುತ್ತದೆ. ಅದರ ಮೇಲೆ ಛಾವಣಿಯಲ್ಲಿ ಟೆಂಟು, ನೀರಿನ ಕ್ಯಾನು, ಸ್ಪೇರ್ ಟೈರು. ಆ ಜೋಡಣೆ ನೋಡಿದರೇ ನನಗೆ ಮೈ ಉರಿಯುತ್ತದೆ.

ಕಾಡುದಾರಿಗಿಂತ ನನಗೆ ಹೆದರಿಕೆ ಡಾಂಬರು ರಸ್ತೆಯದೇ. ವೇಗದಲ್ಲಿ ಹೋಗುವಾಗ ಯಾರೋ ಅಡ್ಡ ಬಂದರು, ಸ್ಟೀರಿಂಗ್ ಒಂದು ಕಡೆ ಎಳೆದು ಮತ್ತೆ ಇನ್ನೊಂದು ಕಡೆ ಎಳೆಯುತ್ತೀರಿ. ಎತ್ತರದ ಗಾಡಿ ಬೀಳುವುದು ಆ ಎರಡನೇ ಎಳೆತದಲ್ಲಿ. ಗಾಡಿ ಜಾರದಂತೆ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಮೂಲ ಎತ್ತರಕ್ಕೆ ಹೊಂದಿಸಿರುತ್ತಾರೆ. ನಿಮ್ಮ ಸ್ಪೇಸರ್ ಅದರ ಲೆಕ್ಕದಲ್ಲಿಲ್ಲ.

ಹಾಗಾದರೆ ಲಿಫ್ಟ್ ಯಾರಿಗೆ ಬೇಕು? ವಿಂಚ್, ಕಬ್ಬಿಣದ ಬಂಪರ್, ಎರಡನೇ ಟ್ಯಾಂಕ್ ಎಂದೆಲ್ಲ ಕಾಯಂ ಭಾರ ಹೊತ್ತು ಗಾಡಿ ಮೂಲ ಎತ್ತರಕ್ಕಿಂತ ಕುಸಿದಿದ್ದರೆ ಸ್ಪ್ರಿಂಗ್ ಬದಲಿಸಲೇಬೇಕು. ಆಗಲೂ ಆಯ್ಕೆ ಭಾರ ನೋಡಿ, ಎತ್ತರ ನೋಡಿ ಅಲ್ಲ. ಗಾಡಿಯಲ್ಲಿ ಕಾಯಂ ಇರುವ ಸಾಮಾನು ಎಷ್ಟು ಕಿಲೋ ಎಂದು ಕೇಳದೆ ಕಿಟ್ ಮಾರುವವನ ಅಂಗಡಿಯಿಂದ ಎದ್ದು ಬನ್ನಿ. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ಕಲ್ಲಿನ ಮೇಲೆ ಗಾಡಿ ಕುಣಿಯುತ್ತದೆ, ಟೈರ್ ನೆಲ ಬಿಡುತ್ತದೆ, ಸೊಂಟ ನಿಮ್ಮದು.

ನಿಮ್ಮ ಗೀರು ಹೊಟ್ಟೆಯಲ್ಲೇ ಇದೆ ಅನ್ನಿ. 2 ಇಂಚಿನ ಒಳಗೆ ಹಾಕಿಸಿ. ಸ್ಪ್ರಿಂಗ್ ಮತ್ತು ಅದಕ್ಕೆ ತಕ್ಕ ಉದ್ದದ ಶಾಕ್ ಎರಡೂ ಒಂದೇ ಸೆಟ್ ಆಗಿರಲಿ. 2 ದಾಟಿದರೆ ಮುಂದಿನ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಶಾಫ್ಟ್ ಬಾಗಿದ್ದರೂ ತಿರುಗಲು ಬಿಡುವ ಕೀಲು) ಸೊಟ್ಟ ಕೋನದಲ್ಲೇ ದಿನವೆಲ್ಲ ತಿರುಗುತ್ತದೆ. ಮೊದಲು ಅದರ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ ಚಿಮ್ಮುತ್ತದೆ, ಮಣ್ಣು ಒಳಗೆ ಹೋಗುತ್ತದೆ. ಆಮೇಲೆ ಡಿಫ್ ಇಳಿಸುವ ಬ್ರಾಕೆಟ್ ಹಾಕಿ ಅಂತಾರೆ. ಅಂದರೆ ಎತ್ತಿದ್ದನ್ನೇ ದುಡ್ಡು ಕೊಟ್ಟು ಇಳಿಸುವುದು! ನನ್ನನ್ನು ಹೆದರುಪುಕ್ಕಲ ಅನ್ನಿ, ದಿನಾ ರಸ್ತೆಯಲ್ಲಿ ಓಡುವ ಗಾಡಿಗೆ 2 ಇಂಚಿನ ಮೇಲೆ ನಾನು ಕೈ ಹಾಕುವುದಿಲ್ಲ.

ಹಾಕಿಸಿದ ದಿನವೇ ನಿಮ್ಮ ಕಣ್ಣೆದುರು ಒಂದು ಕೆಲಸ ಮಾಡಿಸಿ. ಗಾಡಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಪೂರ್ತಿ ಜೋತುಬೀಳಲಿ. ಬದಿಯಲ್ಲಿ ನಿಂತು ಬ್ರೇಕ್ ಹೋಸ್ ನೋಡಿ. ಅದು ಸಡಿಲವಾಗಿ ಬಾಗಿರಬೇಕು. ತಂತಿಯಂತೆ ಬಿಗಿದಿದ್ದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಇನ್ನೂ ಬಿಗಿಯಾದರೆ, ಉದ್ದದ ಹೋಸ್ ಬೇಕು. ಇವತ್ತೇ ಬೇಕು. ಪಕ್ಕದಲ್ಲೇ ಎಬಿಎಸ್ ವೈರ್ ಇರುತ್ತದೆ, ಅದನ್ನೂ ನೋಡಿ. ಆಮೇಲೆ ವೀಲ್ ಅಲೈನ್‌ಮೆಂಟ್. ಹಾಕಿಕೊಟ್ಟವರು ಕೊಟ್ಟ ಬಾಯಿಮಾತಿನ "ಓಕೆ" ಸಾಲದು, ಅಳತೆಯ ಚೀಟಿ ಕೇಳಿ. ಗಾಜಿನ ಮೇಲೆ ಕ್ಯಾಮೆರಾ, ಮುಂದೆ ರೇಡಾರ್ ಇರುವ ಗಾಡಿಯಾದರೆ ಅವನ್ನೂ ಮರುಹೊಂದಿಸಬೇಕು. ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ನಿಮ್ಮಲ್ಲಿನ ಕಾನೂನು ಎಷ್ಟು ಎತ್ತರ ಒಪ್ಪುತ್ತದೆ ಎಂದು ಮೊದಲೇ ವಿಚಾರಿಸಿ. ಅಪಘಾತ ಆದಮೇಲೆ ನನಗೆ ಬರೆದು ಪ್ರಯೋಜನವಿಲ್ಲ.

ಇದೆಲ್ಲಕ್ಕಿಂತ ಮೊದಲು ಟೈರಿನ ಗಾಳಿ ಇಳಿಸಿ ನೋಡಿದಿರಾ? ರಸ್ತೆಯಲ್ಲಿ 32 ಪಿಎಸ್‌ಐ ಇದ್ದರೆ ಕಲ್ಲುದಾರಿಯಲ್ಲಿ 20ರ ಆಸುಪಾಸಿಗೆ ತನ್ನಿ. ಟೈರ್ ಉದ್ದಕ್ಕೆ ಹರಡಿಕೊಂಡು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ವೇಗ ಕಮ್ಮಿ ಇರಲಿ, ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಿ. ಹಿಡಿತ ಸಿಕ್ಕಿದರೆ ಎಗರಿಸಿಕೊಂಡು ಹೋಗುವ ಅಗತ್ಯ ಇರುವುದಿಲ್ಲ, ಅರ್ಧ ಗೀರು ಅಲ್ಲೇ ತಪ್ಪುತ್ತದೆ. ಇದಕ್ಕೆ ಬೇಕಾದ್ದು ಒಂದು ಗಾಳಿ ಅಳೆಯುವ ಗೇಜು, ಒಂದು ಪಂಪು.

ಪ್ರಶ್ನೆ: ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿದರೆ ಅಗ್ಗದಲ್ಲಿ ಎತ್ತರ ಸಿಗುತ್ತಂತೆ?

ಸಿಗುತ್ತದೆ. ಕಟ್ಟಿಹಾಕಿದ ಸುತ್ತುಗಳ ಕೆಲಸವೂ ಮಿಕ್ಕ ಸುತ್ತುಗಳ ತಲೆಗೆ ಬೀಳುತ್ತದೆ. ತೆಗೆಸಿ.

ಪ್ರಶ್ನೆ: ನಮ್ಮ ಮೆಕ್ಯಾನಿಕ್ ಹಳೇ ಲೀಫ್ ಸ್ಪ್ರಿಂಗನ್ನೇ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸಿ ಕೊಡುತ್ತೇನೆ ಅಂತಾರೆ.

ಸ್ಪ್ರಿಂಗ್ ಉಕ್ಕಿನ ಜೀವ ಇರುವುದೇ ಅದಕ್ಕೆ ಕೊಟ್ಟ ಹದದಲ್ಲಿ. ಬೆಂಕಿ ತಾಗಿಸಿದರೆ ಹದ ಕೆಡುತ್ತದೆ. ಆಮೇಲೆ ಅದು ಕುಸಿಯುತ್ತದೆ, ಇಲ್ಲವೇ ತುಂಡಾಗುತ್ತದೆ. ಮೆಕ್ಯಾನಿಕ್ ಬದಲಿಸಿ.

ಪ್ರಶ್ನೆ: ಬಾಡಿ ಲಿಫ್ಟ್ ಅಗ್ಗ ಅಲ್ವಾ?

ಅಗ್ಗ. ಅದು ಬಾಡಿಯನ್ನು ಮಾತ್ರ ಚಾಸಿಯಿಂದ ಎತ್ತುತ್ತದೆ, ಚಾಸಿಯಾಗಲಿ ಅದರ ಕೆಳಗಿನದಾಗಲಿ ಏರುವುದಿಲ್ಲ. ದೊಡ್ಡ ಟೈರಿಗೆ ಜಾಗ ಮಾಡಲು ಮಾತ್ರ.

ಪ್ರಶ್ನೆ: ಮುಂದಿನ ಲೀಫ್ ಸ್ಪ್ರಿಂಗಿಗೆ ಕಬ್ಬಿಣದ ಬ್ಲಾಕ್ ಇಡಬಹುದೇ?

ಬೇಡ. ಮುಂದಕ್ಕಂತೂ ಬೇಡವೇ ಬೇಡ.

ಪ್ರಶ್ನೆ: ಲಿಫ್ಟ್ ಇದ್ದರೆ ಆಳದ ನೀರಿಗೆ ಇಳಿಸಬಹುದಲ್ವಾ?

ಇಂಜಿನ್ ಗಾಳಿ ಎಳೆಯುವ ಬಾಯಿ ಎಲ್ಲಿದೆ, ಡಿಫ್ ಬ್ರೀದರ್ (ಡಿಫ್ ಉಸಿರಾಡುವ ಕೊಳವೆ) ಎಲ್ಲಿದೆ ಎಂದು ತೋರಿಸಿ, ಆಮೇಲೆ ನೀರಿನ ಮಾತು.

ಪ್ರಶ್ನೆ: ಮುಂದೆ ಹಿಂದೆ ಎರಡೂ ಸಾಲಿಡ್ ಆಕ್ಸಲ್. 4 ಇಂಚಿನ ಲಿಫ್ಟ್ ಹಾಕಿಸಿದ ಮೇಲೆ ಗಾಡಿ ನೇರ ಹೋಗುವುದಿಲ್ಲ. ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದರೂ ಸ್ಟೀರಿಂಗ್ ಹುಚ್ಚು ಹಿಡಿದಂತೆ ನಡುಗುತ್ತದೆ. ದಪ್ಪ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ನಡುಕ ತಡೆಯುವ ಶಾಕ್) ಹಾಕಿದರೆ ಸರಿಹೋಗುತ್ತದೆ ಅಂತಾರೆ.

ಡ್ಯಾಂಪರ್ ಹಾಕಿದರೆ ನಡುಕ ಅಡಗಿ ಕೂರುತ್ತದೆ, ಹೋಗುವುದಿಲ್ಲ. ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ. ನಿಮ್ಮ ಗಾಡಿಯಲ್ಲಿ ಎರಡು ಕೆಡುಕು ಸೇರಿಕೊಂಡಿವೆ. ಒಂದು, ಬಾಡಿ ಎತ್ತಿದಾಗ ಆಕ್ಸಲ್ ಹಿಡಿದ ಆರ್ಮ್‌ಗಳು ಕೆಳಗೆ ಬಾಗಿ ಆಕ್ಸಲ್ಲನ್ನು ತುಸು ತಿರುಗಿಸುತ್ತವೆ, ಕ್ಯಾಸ್ಟರ್ ಕೋನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ. ಇರುವುದೇ ಕೆಲವು ಡಿಗ್ರಿ. ಅದರಲ್ಲಿ ಒಂದೆರಡು ಹೋದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎರಡು, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಅಡ್ಡ ಸರಳು) ಕಡಿದಾಗಿ ನಿಂತು ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆದಿರುತ್ತದೆ. ಅದರ ಬುಷ್‌ಗಳ ಮೇಲೆ ಹೊರೆ.

ಹೀಗೆ ಪತ್ತೆ ಮಾಡಿ. ಚಕ್ರಗಳು ನೆಲದ ಮೇಲೇ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ, ಇಂಜಿನ್ ಚಾಲೂ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸಲಿ. ನೀವು ಪಕ್ಕದಿಂದ ಬಗ್ಗಿ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿ ನೋಡಿ. ಬೋಲ್ಟ್ ತನ್ನ ತೂತಿನಲ್ಲಿ ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ಅಲ್ಲಿಂದಲೇ ಶುರು. ಆಮೇಲೆ ಟೈ ರಾಡ್ ತುದಿಗಳು, ಬಾಲ್ ಜಾಯಿಂಟ್, ಟೈರ್ ಬ್ಯಾಲೆನ್ಸ್. ಇವೆಲ್ಲ ಗಟ್ಟಿ ಆದಮೇಲೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಅಥವಾ ಆರ್ಮ್, ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್. ಅಲ್ಲಿಯವರೆಗೆ ಹೆದ್ದಾರಿಗೆ ಒಯ್ಯಬೇಡಿ. ದಾರಿಯಲ್ಲಿ ನಡುಕ ಬಂದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ವೇಗ ಇಳಿಸಿ, ಬದಿಗೆ ನಿಲ್ಲಿಸಿ.

ಪ್ರಶ್ನೆ: 33ರ ಟೈರ್ ಹಾಕಿದ ಮೇಲೆ ಸ್ಪೀಡೋಮೀಟರ್ ಸರಿಯಾಗಿಯೇ ತೋರಿಸುತ್ತಿದೆ ಅನಿಸುತ್ತದೆ. ಬಿಡಬಹುದೇ?

31 ಇದ್ದಲ್ಲಿ 33 ಹಾಕಿದ್ದರೆ, ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 6 ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. ಅನಿಸಿಕೆ ಬಿಡಿ, ಜಿಪಿಎಸ್ ಇಟ್ಟು ನೋಡಿ.

ಪ್ರಶ್ನೆ: ನಾನು ಆಫ್‌ರೋಡ್ ಹೋಗುವುದೇ ಇಲ್ಲ. ಎತ್ತರ ಇದ್ದರೆ ಗಾಡಿ ಚೆನ್ನಾಗಿ ಕಾಣುತ್ತೆ ಅಂತ ಲಿಫ್ಟ್ ಬೇಕು. ತಪ್ಪಾ?

ತಪ್ಪೇನಿಲ್ಲ. ಗೀರಿಲ್ಲದ ಹೊಟ್ಟೆಯ ಎಷ್ಟೋ ಎತ್ತರದ ಗಾಡಿಗಳು ಓಡಾಡುತ್ತಿವೆ, ಒಪ್ಪಿಕೊಂಡವರು ನೀವೊಬ್ಬರು. 1 ಇಂಚಿಗೆ ನಿಲ್ಲಿಸಿ, ಒಳ್ಳೇ ಶಾಕ್ ಹಾಕಿಸಿ. ಹೆಡ್‌ಲೈಟ್‌ಗಳನ್ನು ಮರೆಯದೆ ಕೆಳಕ್ಕೆ ಹೊಂದಿಸಿ, ಎದುರಿಗೆ ಬರುವವರ ಕಣ್ಣು ಕುಕ್ಕುವುದು ಬೇಡ.