ಅಜ್ಜನ ಟ್ರಂಕಿನಲ್ಲಿ ಸಿಕ್ಕ ಸಹಿ ಹಾಕಿದ ಪ್ಲೇಟ್ ಯಾರದ್ದು?

ಅಜ್ಜನ ಟ್ರಂಕಿನಲ್ಲಿ ದೊಡ್ಡ ಗಾಯಕರೊಬ್ಬರ ಸಹಿ ಇರುವ ಗ್ರಾಮಫೋನ್ ರೆಕಾರ್ಡ್ ಸಿಕ್ಕಿದೆ, ಸಹಿ ಅಸಲಿಯೇ ಎಂದು ತಿಳಿಯುವುದು ಹೇಗೆ, ಮಾರಿದರೆ ಮುಂದೆ ಯಾರಾದರೂ ತಕರಾರು ತೆಗೆಯಬಹುದೇ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ. ಅದರ ಅನುಭವದಿಂದ ಹೇಳುವುದಾದರೆ, ಸಹಿಯ ವಿಷಯ ಅರ್ಧ ದಿನದಲ್ಲಿ ಬಗೆಹರಿಯಿತು. 'ಇದು ಯಾರದ್ದು' ಎನ್ನುವುದು ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ.

ನಮ್ಮದು ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟದವರು. ಅಜ್ಜನ ತಮ್ಮ, ಅಂದರೆ ನನ್ನ ಚಿಕ್ಕಜ್ಜ, ಸಂಗೀತದ ಹುಚ್ಚಿನವರು. ಅವರ ಹತ್ತಿರ ಕೀಲಿ ಕೊಟ್ಟು ಓಡಿಸುವ ಗ್ರಾಮಫೋನ್ ಇತ್ತು, 78ರ ಪ್ಲೇಟುಗಳ ಒಂದು ಪೆಟ್ಟಿಗೆ ಇತ್ತು. ಅದರಲ್ಲಿ 'ಗಾಂಧಾರಿ' ಎಂಬ ಹೆಸರಿನದೂ ಒಂದು. ಗಂಗೂಬಾಯಿ ಹಾನಗಲ್ ಅವರ ಹಾಡುಗಳನ್ನು 1930ರ ದಶಕದಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿ ತಂದದ್ದು ಆ ಹೆಸರಿನಲ್ಲಿ. ಆಗ ಅವರದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರವೇ ಅದು ನಮಗೆ ಗೊತ್ತಿರುವ ಗಡಸು ದನಿಯಾದದ್ದು. ಗಾಂಧಾರಿಯೂ ಗಂಗೂಬಾಯಿಯೂ ಒಬ್ಬರೇ ಎಂದು ಚಿಕ್ಕಜ್ಜ ಬಹಳ ಕಾಲ ನಂಬಿರಲಿಲ್ಲವಂತೆ!

ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದಲ್ಲಿ ರಾತ್ರಿಯಿಡೀ ಕಛೇರಿ ನಡೆಯುತ್ತದೆ, ಗೊತ್ತಲ್ವಾ. ಗಂಗೂಬಾಯಿಯವರ ಗುರುಗಳು ಅವರು. 1970ರ ದಶಕದಲ್ಲಿ ಚಿಕ್ಕಜ್ಜ ಅಲ್ಲಿಗೆ ಹೋಗಿದ್ದರು. ಸಾಗರದಲ್ಲಿ ಮೀಟರ್ ಗೇಜ್ ರೈಲು ಹತ್ತಿ, ಬೀರೂರಿನಲ್ಲಿ ಇಳಿದು, ಹುಬ್ಬಳ್ಳಿ ಕಡೆಯ ಗಾಡಿ ಹಿಡಿಯಬೇಕು. ಜೊತೆಗೆ ಗಂಗೂಬಾಯಿಯವರ ಒಂದು ನಿಧಾನವಾಗಿ ತಿರುಗುವ ವಿನೈಲ್ ಪ್ಲೇಟು, ಅಂದರೆ ಎಲ್‌ಪಿ ಒಯ್ದಿದ್ದರು. ಬೆಳಗಿನ ಹೊತ್ತಿಗೆ ಕವರಿನ ಹಿಂಬದಿಯಲ್ಲಿ ಸಹಿ ಸಿಕ್ಕಿತು. ಮೇಲೆ ಚಿಕ್ಕಜ್ಜನ ಹೆಸರು, ಕೆಳಗೆ ಗಂಗೂಬಾಯಿಯವರ ಸಹಿ. ಎಲ್‌ಪಿಯ ನಂಬರನ್ನು ಇಲ್ಲಿ ಹಾಕುವುದಿಲ್ಲ. ಕೊಳ್ಳುವವರ ಫೋನು ಈಗಾಗಲೇ ಜಾಸ್ತಿಯಾಗಿದೆ.

ತಮಾಷೆ ಏನೆಂದರೆ, ಆ ಎಲ್‌ಪಿ ಕೇಳುವ ಯಂತ್ರವೇ ಚಿಕ್ಕಜ್ಜನ ಬಳಿ ಇರಲಿಲ್ಲ. ಕೀಲಿ ಗ್ರಾಮಫೋನ್ ತಿರುಗುವುದು ನಿಮಿಷಕ್ಕೆ 78 ಸುತ್ತು, ಎಲ್‌ಪಿಗೆ ಬೇಕಾದದ್ದು 33 ಚಿಲ್ಲರೆ. ಮೇಲಾಗಿ ಅದರ ಭಾರದ ಉಕ್ಕಿನ ಮುಳ್ಳು ಎಲ್‌ಪಿಯ ಸಣ್ಣ ಗೀರುಗಳನ್ನು ಒಂದೇ ಸಲಕ್ಕೆ ಉತ್ತುಬಿಡುತ್ತದೆ. ಹಾಗಾಗಿ ಪ್ಲೇಟು ಸಾಗರದ ಒಬ್ಬ ಮಂಡಿ ಸಾಹುಕಾರರ ಮನೆ ಸೇರಿತು. ಅವರಲ್ಲಿ ಕರೆಂಟಿನ ಪ್ಲೇಯರ್ ಇತ್ತು. ಚಿಕ್ಕಜ್ಜ ಅಡಿಕೆ ಹಾಕಲು ಹೋದಾಗೆಲ್ಲ ಮಂಡಿಯ ಲೆಕ್ಕ ಚುಕ್ತಾ ಆಗುವವರೆಗೆ ಅಲ್ಲೇ ಕೂತು ಕೇಳುವುದು. ಹೀಗೆ ಪ್ಲೇಟು ಒಬ್ಬರದು, ಪ್ಲೇಯರ್ ಇನ್ನೊಬ್ಬರದು, ಕೇಳುವವರು ಇಬ್ಬರೂ. ಯಾರೂ ಏನನ್ನೂ ಬರೆದಿಡಲಿಲ್ಲ. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

ಚಿಕ್ಕಜ್ಜನಿಗೆ ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಮನೆ ಹಿಸ್ಸೆಯಾಯಿತು. ಪಾಲುಪಟ್ಟಿಯಲ್ಲಿ ತೋಟ, ಗದ್ದೆ, ಹಂಡೆ, ಗ್ರಾಮಫೋನ್ ಪೆಟ್ಟಿಗೆ ಎಲ್ಲ ಇದೆ. ಈ ಎಲ್‌ಪಿ ಇಲ್ಲ, ಏಕೆಂದರೆ ಅದು ಮನೆಯಲ್ಲೇ ಇರಲಿಲ್ಲ. ನಾವು ಹುಡುಗರಿಗೆ ಅಂಥದ್ದೊಂದು ಇದೆ ಎನ್ನುವುದೂ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸಾಹುಕಾರರ ಮಗಳು ಸಾಗರದ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೊರಟಾಗ ಫೋನ್ ಮಾಡಿದರು. "ನೋಡು ತಮ್ಮಾ, ಇದರ ಮೇಲೆ ನಿಮ್ಮ ಚಿಕ್ಕಜ್ಜನ ಹೆಸರಿದೆ. ಅಪ್ಪನಿಗೆ ಇದು ಪ್ರಾಣ. ಆದರೆ ನಿಮ್ಮದು ನಿಮಗೇ ಸೇರಬೇಕು, ಬಂದು ತಗೊಂಡು ಹೋಗು" ಎಂದರು. ಹೋದೆ. ಕಾಫಿ ಕೊಟ್ಟರು, ಪ್ಲೇಟು ಕೊಟ್ಟರು. ಅದು ಅವರ ಮನೆಗೆ ಹೇಗೆ ಬಂತು ಎಂದು ಒಂದು ಪುಟ ಬರೆದೂ ಕೊಟ್ಟರು. ಆ ಪುಟವನ್ನು ನಾನು ಕೇಳಿ ಬರೆಸಿಕೊಂಡೆ. ನನ್ನ ಪ್ರಕಾರ ಅದರ ಬೆಲೆ ಸಹಿಯಷ್ಟೇ.

ಹಳೇ ಸಾಮಾನಿನ ವ್ಯಾಪಾರಿಗಳು ಸಹಿಯ ಮೇಲೆ ಯಾರದೋ ಹೆಸರಿದ್ದರೆ ರೇಟು ಇಳಿಸುತ್ತಾರೆ, ಬರೀ ಸಹಿಯೇ ಬೇಕು ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬರೀ ಸಹಿಯನ್ನು ಯಾರು ಬೇಕಾದರೂ ಗೀಚಬಹುದು. ಅಡಿಕೆ ಬೆಳೆಗಾರನೊಬ್ಬನ ಹೆಸರು ಸೇರಿಸಿ ಖೋಟಾ ಸಹಿ ಮಾಡಿ ಯಾರಿಗೇನು ಲಾಭ? ನಮ್ಮ ಪ್ಲೇಟು ಮನೆಗೆ ವಾಪಸ್ ಬಂದದ್ದೂ ಆ ಹೆಸರಿನಿಂದಲೇ.

ಇನ್ನು ನಿಮ್ಮ ಪ್ಲೇಟಿನ ಸಹಿಯನ್ನು ಪರೀಕ್ಷಿಸುವುದು. ಭೂತಗನ್ನಡಿ ಹಿಡಿದು ನೋಡಿ. ಅಚ್ಚಾದ ಸಹಿ ಹೆಚ್ಚಾಗಿ ಸಣ್ಣ ಸಣ್ಣ ಚುಕ್ಕಿಗಳಾಗಿ ಕಾಣುತ್ತದೆ. ಬಾಲ್ ಪೆನ್ನಾದರೆ ರಟ್ಟಿನಲ್ಲಿ ಒತ್ತಿದ ಗೆರೆ ಇರುತ್ತದೆ. ಶಾಯಿ ಪೆನ್ನಾದರೆ ನಮ್ಮ ಮಳೆಗಾಲದ ಥಂಡಿಗೆ ಅಂಚು ಸ್ವಲ್ಪವಾದರೂ ಹರಡಿರುತ್ತದೆ. ಕವರಿನ ಹಿಂದೆ ಗಾಯಕರ ಪರಿಚಯ ಇದ್ದರೆ ಅದನ್ನೂ ಓದಿ. ಉದಾಹರಣೆಗೆ, ಗಂಗೂಬಾಯಿಯವರಿಗೆ ಪದ್ಮಭೂಷಣ ಬಂದದ್ದು 1971ರಲ್ಲಿ. ಪರಿಚಯದಲ್ಲಿ ಅದು ಇದ್ದು, ಸಹಿಯ ಕೆಳಗೆ 1965 ಎಂದಿದ್ದರೆ ಏನೋ ಎಡವಟ್ಟಾಗಿದೆ. ಆಮೇಲೆ, ಕವರಿನ ನಂಬರೂ ಪ್ಲೇಟಿನ ನಡುವಿನ ಚೀಟಿಯ ನಂಬರೂ ಒಂದೇನಾ ನೋಡಿ. ಹಳೇ ಮನೆಗಳಲ್ಲಿ ಪ್ಲೇಟುಗಳು ಬೇರೆ ಬೇರೆ ಕವರಿನೊಳಗೆ ಸೇರಿಕೊಳ್ಳುವುದು ಮಾಮೂಲು.

ಒಡೆತನದ ವಿಷಯಕ್ಕೆ ಬಂದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಇಂಥ ಚರ ವಸ್ತುವನ್ನು ದಾನ ಕೊಡಲು ನೋಂದಣಿ ಕಡ್ಡಾಯವಲ್ಲ, ಕೊಡುವ ಮನಸ್ಸಿನಿಂದ ಕೈಗೆ ಕೊಟ್ಟರೆ ಸಾಕು. ಕಷ್ಟ ಇರುವುದು ಇಲ್ಲೇ. ಕೊಟ್ಟದ್ದು ದಾನವೋ, ಸುಮ್ನೆ ಕೇಳಲಿಕ್ಕೆ ಕೊಟ್ಟದ್ದೋ? ಎರವಲು ಎಷ್ಟು ವರ್ಷ ಉಳಿದರೂ ದಾನ ಆಗುವುದಿಲ್ಲ. ಮತ್ತು 1930ರ ಸರಕು ಮಾರಾಟ ಕಾಯ್ದೆಯಂತೆ, ಮಾರುವವನಿಗೆ ಇರುವ ಹಕ್ಕಿಗಿಂತ ದೊಡ್ಡ ಹಕ್ಕು ಸಾಮಾನ್ಯವಾಗಿ ಕೊಳ್ಳುವವನಿಗೆ ಬರುವುದಿಲ್ಲ. ಅಜ್ಜ ಬೇರೆಯವರಿಂದ ತಂದಿಟ್ಟದ್ದಾದರೆ ನೀವು ಮಾರಿದರೂ ತಕರಾರು ಪ್ಲೇಟಿನ ಜೊತೆಗೇ ಹೋಗುತ್ತದೆ. ಅಜ್ಜನದೇ ಆಗಿದ್ದರೆ, ಉಯಿಲು ಇಲ್ಲದಿದ್ದಲ್ಲಿ, ಉಳಿದ ವಾರಸುದಾರರನ್ನೂ ಕೇಳಬೇಕು. ಟ್ರಂಕ್ ತೆರೆದವರಿಗೆ ವಿಶೇಷ ಹಕ್ಕೇನೂ ಇಲ್ಲ!

ನಮ್ಮಲ್ಲಿ ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು ಎಲ್ಲರೂ ಕೇಳಿದರು. ಒಬ್ಬ ಮಾರಿ ಹಂಚೋಣ ಎಂದ. ಇನ್ನೊಬ್ಬಳು ಫ್ರೇಮ್ ಹಾಕಿಸಿ ತನ್ನ ಹಾಲಿನಲ್ಲಿ ತೂಗು ಹಾಕುತ್ತೇನೆ ಎಂದಳು. ಕೊನೆಗೆ ಈಗಿನ ಮಟ್ಟಿಗೆ ಪ್ಲೇಟು ನನ್ನ ಹತ್ತಿರ ಇರುವುದು, ಎಲ್ಲರೂ ಒಪ್ಪದೆ ಮಾರುವಂತಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ನಾನು ಶಿವಮೊಗ್ಗದಲ್ಲಿದ್ದೇನೆ, ಊರಿಗಿಂತ ಇಲ್ಲಿ ಥಂಡಿ ಕಡಿಮೆ, ನನ್ನ ಹತ್ತಿರ ಪ್ಲೇಯರೂ ಇದೆ. ಅಷ್ಟೇ ಕಾರಣ. ಸಾಹುಕಾರರ ಮಗಳು ಬಂದಾಗ ಹಾಕಿ ಕೇಳಿಸುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ನಿಮ್ಮ ಪ್ಲೇಟನ್ನು ಮಾರಿ, ಬಿಡಿ, ಮೊದಲು ಮನೆಯ ಹಿರಿಯರನ್ನು ಕೂರಿಸಿ ಅದು ಹೇಗೆ ಬಂತು ಎಂದು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪ್ಲೇಟನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬ್ ಉರಿಸುವ ಅಭ್ಯಾಸ ನಮ್ಮ ಕಡೆ ಇದೆಯಲ್ಲ, ಅದರ ಪಕ್ಕ ಮಾತ್ರ ಇಡಬೇಡಿ, ಬಿಸಿಗೆ ವಿನೈಲ್ ಸೊಟ್ಟಗಾಗುತ್ತದೆ. ಬೂಸಲು ಬಂದಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೆತ್ತನೆ ಬಟ್ಟೆ ಅದ್ದಿ, ಗೀರಿನ ದಿಕ್ಕಿನಲ್ಲೇ ಒರೆಸಿ, ನಡುವಿನ ಚೀಟಿ ಒದ್ದೆಯಾಗಬಾರದು. ನಿಮ್ಮದು ಎಲ್‌ಪಿ ಅಲ್ಲದೆ 78ರ ಪ್ಲೇಟಾಗಿದ್ದರೆ ಸ್ಪಿರಿಟ್ ಹತ್ತಿರಕ್ಕೂ ತರಬೇಡಿ. ಅದರಲ್ಲಿರುವುದು ಅರಗು. ಬಡಗಿಗಳು ಪಾಲಿಶ್‌ಗೆ ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ.