ಸಾಲ ತೀರಿದರೂ ಕಂತು ನಿಲ್ಲಬಾರದು

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವನು. ಡೊಂಬಿವಲಿಯಲ್ಲಿ ಸ್ವಂತದ ಒಂದು ರೂಮ್-ಕಿಚನ್ ಮನೆ ಇದೆ. ಮಸ್ಜಿದ್ ಬಂದರಿನ ಸಗಟು ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತೇನೆ. ತಿಂಗಳ 7ರಂದು ₹46,000 ಸಂಬಳ, ದೀಪಾವಳಿಗೆ ₹40,000 ಬೋನಸ್. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಸುಮಾರು ₹8,000 ಸಂಪಾದಿಸುತ್ತಾಳೆ. ಇಬ್ಬರು ಮಕ್ಕಳು. ವೈಯಕ್ತಿಕ ಸಾಲಕ್ಕೂ ಎರಡು ಕ್ರೆಡಿಟ್ ಕಾರ್ಡ್‌ಗಳ ಬಾಕಿಗೂ ಸೇರಿಸಿ ನಾಲ್ಕು ವರ್ಷ ಪ್ರತಿ ತಿಂಗಳು 10ರಂದು ₹18,000 ಕಟ್ಟಿದೆ, ಒಂದು ಕಂತನ್ನೂ ತಪ್ಪಿಸಲಿಲ್ಲ. ಆ ವರ್ಷಗಳಲ್ಲಿ ಊರಿಗೆ ಹೋಗುವುದನ್ನು ನಿಲ್ಲಿಸಿದ್ದೆವು. ಶಾಲೆಯ ಫೀಸಿಗೆ ಹೆಂಡತಿಯ ಬಳೆ ಒತ್ತೆ ಇಟ್ಟು ಬಿಡಿಸಿಕೊಂಡದ್ದೂ ಇದೆ. ಮೂರು ತಿಂಗಳ ಹಿಂದೆ ಎಲ್ಲ ಸಾಲ ತೀರಿತು. ಈಗ ಮೂರು ಕಂತುಗಳ ₹54,000 ಉಳಿದಿರಬೇಕಿತ್ತು, ಖಾತೆಯಲ್ಲಿರುವುದು ₹2,300. ಎಲ್ಲಿ ಹೋಯಿತೋ ತಿಳಿಯದು. ಹೆಂಡತಿ ಚಿನ್ನ ಎನ್ನುತ್ತಾಳೆ, ಗೆಳೆಯರು ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಎನ್ನುತ್ತಾರೆ, ಭಾವ ಬದ್ಲಾಪುರದಲ್ಲಿ ಇನ್ನೊಂದು ಮನೆ ಬುಕ್ ಮಾಡು ಎನ್ನುತ್ತಾರೆ. ಮತ್ತೆ ಸಾಲಕ್ಕೆ ಬೀಳದೆ ಉಳಿತಾಯದಲ್ಲಿ ಗಟ್ಟಿಯಾಗಿ ನಿಲ್ಲುವುದು ಹೇಗೆ? ವರ್ಷದ ದೊಡ್ಡ ಖರ್ಚುಗಳ ಪಟ್ಟಿ ಲಗತ್ತಿಸಿದ್ದೇನೆ.
— ಹೆಸರು ಬೇಡ, ಡೊಂಬಿವಲಿ

ಉತ್ತರ: ನಾಲ್ಕು ವರ್ಷ, ತಿಂಗಳಿಗೆ ₹18,000 ಎಂದರೆ ಒಟ್ಟು ₹8,64,000. ಅಷ್ಟನ್ನು ಒಂದು ತಾರೀಖೂ ತಪ್ಪದೆ ಕಟ್ಟಿದವರಿಗೆ ಉಳಿತಾಯದ ಅಭ್ಯಾಸ ಹೊಸದಾಗಿ ಬರಬೇಕಾಗಿಲ್ಲ. ಅಭ್ಯಾಸ ಆಗಲೇ ಇದೆ, ಈವರೆಗೆ ಅದರ ಫಲ ಸಾಲ ಕೊಟ್ಟವರಿಗೆ ಹೋಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಉಪದೇಶಿಸುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ಕಂತು ಕಳೆದು ಉಳಿದ ₹36,000ದಲ್ಲಿ ಮುಂಬೈ ಮಗ್ಗುಲಲ್ಲಿ ನಾಲ್ಕು ಜನರ ಸಂಸಾರ ನಡೆಸಿದ ದಂಪತಿಗೆ ಆ ಮಾತು ಹೇಳುವ ಮುಖ ನನಗಿಲ್ಲ.

ಮೊದಲು, ಹೋದ ಹಣವನ್ನು ಹುಡುಕೋಣ. ಅದು ನಿಮ್ಮ ಪಟ್ಟಿಯಲ್ಲೇ ಸಿಕ್ಕಿತು. ಎಲ್‌ಐಸಿ ಕಂತು ₹24,000, ಆರೋಗ್ಯ ವಿಮೆ ₹21,000: ಎರಡೂ ಈ ಮೂರು ತಿಂಗಳಲ್ಲೇ ಬಿದ್ದಿವೆ, ಎರಡೂ ಖಾತೆಯಿಂದ ತಾವಾಗಿ ಕಡಿತವಾಗುವಂಥವು. ಅಲ್ಲಿಗೆ ₹45,000 ಆಯಿತು. ಖಾತೆಯಲ್ಲಿರುವ ₹2,300 ಕಳೆದರೆ ನಿಜವಾಗಿ ಲೆಕ್ಕ ಸಿಗದೆ ಹೋದದ್ದು ₹6,700. ಮೂರು ತಿಂಗಳಲ್ಲಿ ಸ್ಟೇಷನ್ನಿಂದ ಮನೆಗೆ ಬರುವ ದಾರಿಯಲ್ಲಿ ಫೋನ್ ತೋರಿಸಿ ಕೊಟ್ಟ ನೂರು ಇನ್ನೂರುಗಳು ಅಷ್ಟಾಗುತ್ತವೆ. ಅದಕ್ಕಾಗಿ ನೀವು ತಲೆ ತಗ್ಗಿಸಬೇಕಾಗಿಲ್ಲ. ಸೇಠರ ಪುಸ್ತಕದಲ್ಲಿ ವರ್ಷಕ್ಕೊಮ್ಮೆ ಬರುವ ವಿಮೆಯನ್ನು ತಿಂಗಳುಗಳಿಗೆ ಹಂಚಿ ಬರೆಯುವ ನೀವು ಮನೆಯ ಪುಸ್ತಕದಲ್ಲಿ ಅದನ್ನು ಮರೆತಿರಿ, ಅಷ್ಟೇ.

ನನ್ನ ಮುಖ್ಯ ಮಾತು ಇಲ್ಲಿದೆ. ಸಾಲ ತೀರಿಸಿದವರು ಮತ್ತೆ ಸಾಲಕ್ಕೆ ಬೀಳುವುದು ಬಹುಪಾಲು ದುಂದುಗಾರಿಕೆಯಿಂದಲ್ಲ, ಹಠಾತ್ ಆಪತ್ತಿನಿಂದಲೂ ಅಲ್ಲ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುವ ಖರ್ಚು ಪ್ರತಿ ವರ್ಷವೂ ಅವರನ್ನು ಬರಿಗೈಯಲ್ಲಿ ಹಿಡಿಯುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವುದು ಯಾರಿಗೂ ಅನಿರೀಕ್ಷಿತವಲ್ಲ. ಆದರೂ ಮೇ ಕೊನೆಗೆ ಬಳೆ ಒತ್ತೆಗೆ ಹೋಗುತ್ತದೆ, ಇಲ್ಲವೇ ಕಾರ್ಡ್ ಹೊರಬರುತ್ತದೆ. ಬಾಕಿ ಉಳಿಸಿಕೊಂಡ ಕಾರ್ಡಿಗೆ ತಿಂಗಳಿಗೆ ಶೇ 3.5ರಷ್ಟು ಬಡ್ಡಿ ಸಾಮಾನ್ಯ. ₹48,000 ಫೀಸನ್ನು ಕಾರ್ಡಿನಲ್ಲಿ ಕಟ್ಟಿ ಬಿಟ್ಟರೆ ಒಂದು ತಿಂಗಳ ಬಡ್ಡಿಯೇ ₹1,680. ನಿಮ್ಮ ಹಳೆಯ ಕಾರ್ಡ್ ಬಾಕಿ ಹುಟ್ಟಿದ್ದು ಹೀಗೆಯೇ ಇರಬೇಕು ಎಂದು ನನ್ನ ಅಂದಾಜು.

ನಿಮ್ಮ ಪಟ್ಟಿಯನ್ನೇ ಕೂಡಿಸಿದೆ: ಫೀಸು ಮತ್ತು ಪುಸ್ತಕ ₹48,000, ಮೇ ತಿಂಗಳಲ್ಲಿ ಊರಿಗೆ ಹೋಗಿಬರಲು ₹22,000, ದೈವದ ಕೋಲದ ವಂತಿಗೆ ಮತ್ತು ಅದರ ಸುತ್ತಲಿನ ಖರ್ಚು ₹10,000, ಎಲ್‌ಐಸಿ, ಆರೋಗ್ಯ ವಿಮೆ ₹45,000, ದೀಪಾವಳಿ ₹20,000, ಮದುವೆ, ಗೃಹಪ್ರವೇಶಗಳ ಉಡುಗೊರೆ ₹15,000. ಒಟ್ಟು ₹1,60,000. ಬೋನಸ್ಸಿನ ₹40,000 ಕಳೆದರೆ ₹1,20,000, ಅಂದರೆ ತಿಂಗಳಿಗೆ ₹10,000. ಹಾಗಾದರೆ ಬಿಡುಗಡೆಯಾದ ₹18,000ದಲ್ಲಿ ನಿಜವಾಗಿ ನಿಮ್ಮ ಕೈಗೆ ಸಿಕ್ಕಿದ್ದು ₹8,000 ಮಾತ್ರ. ಚಿನ್ನ, ಎಸ್‌ಐಪಿ, ಬದ್ಲಾಪುರ ಎನ್ನುವ ಮೂವರೂ ₹18,000ವನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತಿದ್ದಾರೆ. ಅವರ ಮಾತು ಕೇಳಿ ಇಡೀ ಹಣ ಹೂಡಿದರೆ ಬರುವ ಜೂನ್‌ಗೆ ಮತ್ತೆ ಕೈಸಾಲ.

ಊರಿನ ಖರ್ಚನ್ನು ಪಟ್ಟಿಯಿಂದ ತೆಗೆಯುವ ಯೋಚನೆ ಇದ್ದರೆ ಬಿಡಿ. ನಾಲ್ಕು ವರ್ಷ ಊರಿನ ಮತ್ಸ್ಯಗಂಧ ರೈಲು ಹತ್ತದೆ ಕಳೆದಿದ್ದೀರಿ, ಸಾಕು. ಮನೆಯವರ ಮನಸ್ಸು ಒಪ್ಪದ ಉಳಿತಾಯ ಆರು ತಿಂಗಳೂ ನಿಲ್ಲುವುದಿಲ್ಲ.

ಈಗ ಮಾಡಬೇಕಾದದ್ದು. ಸಂಬಳ 7ರಂದು ಬರುತ್ತದೆ, 10ರಂದು ಕಂತು ಕಡಿತವಾಗುತ್ತಿತ್ತು. ಆ 10ನೇ ತಾರೀಖನ್ನು ಹಾಗೆಯೇ ಉಳಿಸಿಕೊಳ್ಳಿ. ಸಂಬಳದ ಖಾತೆ ಇರುವ ಬ್ಯಾಂಕನ್ನು ಬಿಟ್ಟು ಬೇರೊಂದು ಬ್ಯಾಂಕಿನಲ್ಲಿ, ಸಾಧ್ಯವಾದರೆ ಪತ್ನಿಯ ಹೆಸರನ್ನೂ ಸೇರಿಸಿ, ಒಂದು ಉಳಿತಾಯ ಖಾತೆ ತೆರೆಯಿರಿ. ಅದನ್ನು ಫೋನಿನ ಯಾವ ಪಾವತಿ ಆ್ಯಪ್‌ಗೂ ಜೋಡಿಸಬೇಡಿ. ಡೆಬಿಟ್ ಕಾರ್ಡ್ ಬಂದರೆ ಕಪಾಟಿನಲ್ಲಿರಲಿ. ಪ್ರತಿ 10ರಂದು ₹18,000 ತಾನಾಗಿ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಎನ್ನುವ ಕ್ರಮ ಬೇಡ, ಏನೂ ಉಳಿಯುವುದಿಲ್ಲ.

ಆ ಖಾತೆಯಿಂದ ₹4,000ದ ಒಂದು ಆರ್‌ಡಿ (ತಿಂಗಳ ಕಂತಿನ ಠೇವಣಿ), ಮೇ ಕೊನೆಗೆ ಮುಗಿಯುವಂತೆ. ಅದು ಫೀಸಿನ ಹಣ. ಮೊದಲ ವರ್ಷ ಜೂನ್‌ಗೆ ಹನ್ನೆರಡು ತಿಂಗಳು ಉಳಿದಿರಲಿಕ್ಕಿಲ್ಲ. ಎಷ್ಟು ತಿಂಗಳಿದೆಯೋ ಅಷ್ಟರಿಂದ ₹48,000ವನ್ನು ಭಾಗಿಸಿ, ಹೆಚ್ಚಾದದ್ದನ್ನು ಆ ಒಂದು ವರ್ಷದ ಮಟ್ಟಿಗೆ ಕೆಳಗೆ ಹೇಳುವ ₹8,000ದಿಂದ ತೆಗೆಯಿರಿ. ವರ್ಷದ ಖರ್ಚಿನ ಉಳಿದ ₹6,000 ಅದೇ ಉಳಿತಾಯ ಖಾತೆಯಲ್ಲಿ ಕೂಡುತ್ತಾ ಹೋಗಲಿ. ಅದಕ್ಕೆ ಬಡ್ಡಿ ಕಡಿಮೆ, ನಿಜ. ಅದು ಅಲ್ಲಿರುವುದು ಬಡ್ಡಿಗಾಗಿ ಅಲ್ಲ, ವಿಮೆಯ ಕಂತು ಬಿದ್ದ ದಿನ ಸಿಗಲಿಕ್ಕೆ.

ಇನ್ನು ₹8,000. ಇದು ಮೂರು ತಿಂಗಳ ಮನೆ ಖರ್ಚು, ಅಂದರೆ ₹1,08,000 ಆಗುವವರೆಗೆ ತುರ್ತು ನಿಧಿ. ಹದಿನಾಲ್ಕನೆಯ ತಿಂಗಳಿಗೆ ಮುಗಿಯುತ್ತದೆ. ಹತ್ತಿಪ್ಪತ್ತು ಸಾವಿರ ಸೇರಿದಂತೆಲ್ಲ ಬೇರೆ ಬೇರೆ ಎಫ್‌ಡಿ ಮಾಡಿ. ಅಗತ್ಯ ಬಿದ್ದಾಗ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿ ಕೆಡುವುದಿಲ್ಲ. ಈ ನಿಧಿಯನ್ನು ಷೇರು ಮಾರುಕಟ್ಟೆಗೆ ಹಾಕಬೇಡಿ ಎಂದು ಒತ್ತಿ ಹೇಳಲು ಕಾರಣವಿದೆ. 2020ರ ಮಾರ್ಚ್‌ನಲ್ಲಿ ಲೋಕಲ್ ರೈಲು ನಿಂತಿತು, ಅಂಗಡಿಗಳು ಮುಚ್ಚಿದವು, ಎಷ್ಟೋ ಜನರ ಸಂಬಳ ಅರ್ಧವಾಯಿತು. ಅದೇ ಹೊತ್ತಿಗೆ ಷೇರು ಸೂಚ್ಯಂಕ ನಿಫ್ಟಿ ಜನವರಿಯ ಎತ್ತರದಿಂದ ಮೂರನೇ ಒಂದಕ್ಕಿಂತಲೂ ಹೆಚ್ಚು ಕುಸಿದಿತ್ತು. ಸಂಬಳ ನಿಂತ ತಿಂಗಳಲ್ಲೇ ಹೂಡಿಕೆಯೂ ತಗ್ಗಿರುತ್ತದೆ. ಮಾರಿದರೆ ನಷ್ಟ, ಮಾರದಿದ್ದರೆ ಅಕ್ಕಿಗೆ ಹಣವಿಲ್ಲ.

ತುರ್ತು ನಿಧಿ ತುಂಬಿದ ಮೇಲೆ ಗೆಳೆಯರ ಎಸ್‌ಐಪಿಗೆ ಬನ್ನಿ. ಏಳೆಂಟು ವರ್ಷ ಮುಟ್ಟದೆ ಇರಬಲ್ಲಿರಾದರೆ ₹3,000ದಿಂದ ಒಂದು ಇಂಡೆಕ್ಸ್ ಫಂಡ್ (ನಿಫ್ಟಿಯಂಥ ಸೂಚ್ಯಂಕವನ್ನೇ ಅನುಸರಿಸುವ ಫಂಡ್) ಸಾಕು, ನಾಲ್ಕಾರು ಬೇಡ. ಉಳಿದ ₹5,000 ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ. ಶೇ 6.7ರ ದರದಲ್ಲಿ ಕಟ್ಟಿದ ₹3,00,000 ಐದು ವರ್ಷದ ಕೊನೆಗೆ ಸುಮಾರು ₹3,56,800 ಆಗುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ಈ ದರಗಳನ್ನು ಪರಿಶೀಲಿಸುತ್ತದೆ, ತೆರೆಯುವ ದಿನದ ದರ ಕೇಳಿಕೊಳ್ಳಿ. ತೆರೆದ ದಿನದ ದರವೇ ಕೊನೆಯವರೆಗೆ ನಿಲ್ಲುತ್ತದೆ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಬೇಕೆನಿಸಿದರೆ ಅದಕ್ಕೂ ನನ್ನ ತಕರಾರಿಲ್ಲ, ಆದರೆ ಹದಿನೈದು ವರ್ಷದ ಅವಧಿ. ಏಳನೆಯ ವರ್ಷದವರೆಗೆ ಹಣ ಹಿಂತೆಗೆಯಲು ಬಿಡುವುದಿಲ್ಲ. ಈಗಷ್ಟೇ ಸಾಲದಿಂದ ಎದ್ದ ಮನೆಗೆ ಮೊದಲ ಮೆಟ್ಟಿಲಾಗಿ ನಾನು ಅದನ್ನು ಹೇಳುವುದಿಲ್ಲ.

ಪತ್ನಿಯವರ ಚಿನ್ನದ ಮಾತನ್ನು ಹಗುರವಾಗಿ ತಳ್ಳಬೇಡಿ. ಒತ್ತೆ ಹೋದದ್ದು ಅವರ ಬಳೆ. ಮನೆಯನ್ನು ಕಾಪಾಡಿದ್ದೂ ಅದೇ. ಚಿನ್ನ ಕೈಯಲ್ಲಿದ್ದರೆ ಕರಗುವುದಿಲ್ಲ ಎಂಬ ಅವರ ಅನುಭವ ಸುಳ್ಳಲ್ಲ. ಆದರೆ ಒಡವೆಗೆ ಕೊಟ್ಟ ತಯಾರಿ ಕೂಲಿ ಮತ್ತು ಶೇ 3ರ ಜಿಎಸ್‌ಟಿ ಮಾರುವಾಗ ವಾಪಸ್ ಬರುವುದಿಲ್ಲ. ಅವರ ಹೊಲಿಗೆಯ ಹಣದಲ್ಲಿ ತಿಂಗಳಿಗೆ ₹1,000 ಅವರದೇ ಆಗಿರಲಿ, ಲೆಕ್ಕ ಕೇಳಬೇಡಿ. ಅದು ಚಿನ್ನವಾಗಲಿ, ಸೀರೆಯಾಗಲಿ, ಅವರ ಇಷ್ಟ. ಭಾವನ ಬದ್ಲಾಪುರದ ಮಾತಿಗೆ ನನ್ನ ಉತ್ತರ ಒಂದೇ ಪದ: ಬೇಡ.

ಕಾಗದಪತ್ರದ ಕೆಲಸ ಬಾಕಿ ಇದ್ದರೆ ಮುಗಿಸಿಬಿಡಿ. ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆಯಿರಿ, ಕಂತಿನ ಸ್ವಯಂ ಕಡಿತದ ಅನುಮತಿ ರದ್ದಾಗಿದೆಯೇ ನೋಡಿ, ಖಾಲಿ ಚೆಕ್ ಕೊಟ್ಟಿದ್ದರೆ ಹಿಂದೆ ಪಡೆಯಿರಿ. ನಿಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರಬೇಕು, ‘ಸೆಟಲ್ಡ್’ ಎಂದಲ್ಲ. ಎರಡನೆಯದು ಪೂರ್ತಿ ಕಟ್ಟದೆ ರಾಜಿಯಾದವರಿಗೆ ಬರುವ ಗುರುತು, ನಿಮಗದು ಅನ್ಯಾಯ. ಇಷ್ಟರಲ್ಲೇ ಪೂರ್ವಾನುಮೋದಿತ ಸಾಲದ ಕರೆಗಳು ಶುರುವಾಗಿರಬೇಕು, ಏಕೆಂದರೆ ಚೆನ್ನಾಗಿ ಕಟ್ಟಿದವರನ್ನೇ ಅವರು ಹುಡುಕುವುದು. 1909ಕ್ಕೆ ಕರೆ ಮಾಡಿ ನಿಮ್ಮ ಸಂಖ್ಯೆಯನ್ನು ಜಾಹೀರಾತು ಕರೆಗಳಿಂದ ಹೊರಗಿಡಿ.

ಪ್ರಶ್ನೆ: ಘಾಟ್ಕೋಪರ್‌ನ ಹೋಟೆಲೊಂದರ ಕ್ಯಾಷ್ ಕೌಂಟರ್‌ನಲ್ಲಿ ಕೆಲಸ. ಊರಿನ ಸಾಲ ತೀರಿತು. ಈಗ ದಿನವೂ ₹200 ಪಿಗ್ಮಿಗೆ (ದಿನದಿನದ ಸಣ್ಣ ಠೇವಣಿ) ಕೊಡುತ್ತೇನೆ, ಪತಪೇಢಿಯವರು ಬಂದು ಒಯ್ಯುತ್ತಾರೆ. ಈ ಹಣಕ್ಕೆ ಭದ್ರತೆ ಇದೆಯೇ?

ಉತ್ತರ: ಪಿಗ್ಮಿ ನಮ್ಮ ಕರಾವಳಿಯದೇ ಕೂಸು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಅದನ್ನು ಶುರುಮಾಡಿತು. ದಿನದ ಕೊನೆಗೆ ಕೈಯಲ್ಲಿ ನಗದು ಉಳಿಯುವವರಿಗೆ ಅದಕ್ಕಿಂತ ಹೊಂದುವ ಕ್ರಮ ಇಂದಿಗೂ ಕಡಿಮೆ, ಆದ್ದರಿಂದ ಪಿಗ್ಮಿಯನ್ನು ಬಿಡಿ ಎನ್ನುವುದಿಲ್ಲ. ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕ್ ಆದರೂ, ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ ₹5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. ಪತಪೇಢಿಗಳು ಪತ್ತಿನ ಸಹಕಾರಿ ಸಂಘಗಳು, ಬ್ಯಾಂಕ್ ಅಲ್ಲ. ಅವುಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ವಿಮೆ ಇದ್ದರೂ ಪರದಾಟ ತಪ್ಪುತ್ತದೆ ಎಂದಲ್ಲ. ಭಾಂಡುಪ್‌ನಲ್ಲಿ ಕೇಂದ್ರ ಕಚೇರಿ ಇದ್ದ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ₹1,000 ಮಾತ್ರ. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದರೆ ವಿಮೆಯ ಹಣ 90 ದಿನಗಳಲ್ಲಿ ಸಿಗಬೇಕೆಂಬ ನಿಯಮವಿದೆ.

ನೀವು ಹೀಗೆ ಮಾಡಬಹುದು: ಸಂಗ್ರಹಕ್ಕೆ ಬರುವವರ ಪಾಸ್‌ಬುಕ್ಕಿನಲ್ಲಿ ಅಥವಾ ಯಂತ್ರದ ರಸೀದಿಯಲ್ಲಿ ದಿನವೂ ನಮೂದಾಗುತ್ತಿದೆಯೇ ನೋಡಿಕೊಳ್ಳಿ, ನಾಮಿನಿಯ ಹೆಸರು ಬರೆಸಿ. ₹200ರಂತೆ ತಿಂಗಳಿಗೆ ₹6,000 ಆಗುತ್ತದೆ. ಪಿಗ್ಮಿಯ ಅವಧಿ ಮುಗಿದ ಕೂಡಲೇ ಅದನ್ನು ಅಲ್ಲೇ ನವೀಕರಿಸದೆ ಬ್ಯಾಂಕ್ ಎಫ್‌ಡಿಗೆ ವರ್ಗಾಯಿಸಿ. ಮುಂದೆ ಬ್ಯಾಂಕೇ ಪಿಗ್ಮಿ ಸಂಗ್ರಹಿಸುವ ವ್ಯವಸ್ಥೆ ನಿಮ್ಮ ಬೀದಿಯಲ್ಲಿ ಸಿಕ್ಕರೆ ಅಲ್ಲಿಗೆ ಬದಲಾಯಿಸಿ.

ಪ್ರಶ್ನೆ: ಎಲ್ಲ ಬಾಕಿ ತೀರಿಸಿದ್ದೇನೆ. ಎರಡು ಕ್ರೆಡಿಟ್ ಕಾರ್ಡ್ ರದ್ದು ಮಾಡಿದರೆ ಸಿಬಿಲ್ ಸ್ಕೋರ್ ಇಳಿಯುತ್ತದೆ ಎಂದು ಹೆದರಿಸುತ್ತಾರೆ. — ಪುಣೆಯ ಓದುಗರು

ಉತ್ತರ: ಸ್ವಲ್ಪ ಇಳಿಯಬಹುದು. ಸದ್ಯ ಸಾಲ ಕೇಳುವ ಉದ್ದೇಶವೇ ಇಲ್ಲದವರಿಗೆ ಅದರಿಂದ ನಷ್ಟವೇನು? ಹಳೆಯ ಕಾರ್ಡ್ ಒಂದನ್ನು ಮಿತಿ ತಗ್ಗಿಸಿ ಇಟ್ಟುಕೊಳ್ಳಿ, ಇನ್ನೊಂದನ್ನು ರದ್ದು ಮಾಡಿ. ಇಟ್ಟುಕೊಂಡ ಕಾರ್ಡಿನಲ್ಲಿ ಎರಡು ತಿಂಗಳು ಸತತ ಪೂರ್ತಿ ಬಾಕಿ ಕಟ್ಟಲಾಗದಿದ್ದರೆ ಅದನ್ನೂ ರದ್ದು ಮಾಡಿ. ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ಗ್ರಾಹಕರಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಕೋರಿಕೆಯನ್ನು ಇಮೇಲ್‌ನಲ್ಲೇ ಕಳುಹಿಸಿ, ಕೋರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.